ಮೇಣದ ಕೆಳಗಿನ ತುಕ್ಕು

ಮಂಟಯ್ಯ ನಮ್ಮ ಶಾಲೆಯ ಬಾಗಿಲಿಗೆ ಮೊದಲ ಸಲ ಬಂದದ್ದು ಸೀಮೆಸುಣ್ಣದ ಚೂರು ಕೇಳಿಕೊಂಡು. ಐವತ್ತೆರಡನೆಯ ಇಸವಿಯ ಮುಂಗಾರು ಆಗತಾನೆ ಹಿಡಿದಿತ್ತು. ನಾನು ಅಂತರಸಂತೆಗೆ ವರ್ಗವಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ಊರಿನ ಮುಖಗಳು ಇನ್ನೂ ಗುರುತಾಗುತ್ತಿದ್ದವಷ್ಟೆ. ಐವತ್ತರ ಆಸುಪಾಸಿನ ಆಳು, ಅಗಲವಾದ ಹೆಗಲು. ಹೊಳೆಯ ಮೇಲಿನ ಬಿಸಿಲನ್ನು ನೋಡಿ ನೋಡಿ ಕಣ್ಣು ಕಿರಿದಾಗಿ ಹಾಗೆಯೇ ಉಳಿದುಬಿಟ್ಟಿತ್ತು. ಹೊಸ್ತಿಲಿನ ಆಚೆಗೇ ನಿಂತು, "ಮೇಷ್ಟ್ರೇ, ಮಕ್ಕಳು ಬರ್ದು ಬಿಸಾಕೋ ಸೀಮೆಸುಣ್ಣದ ತುಂಡು ಇದ್ರೆ ಕೊಡ್ತೀರಾ?" ಎಂದ.

"ಯಾತಕ್ಕೆ?"

"ಗಾಳ ಮಡಗೋಕೆ. ಮಳೆಗಾಲ್ದಲ್ಲಿ ತುಕ್ಕು ಬತ್ತದೆ. ಸುಣ್ಣ ತೇವ ಕುಡೀತದಂತಲ್ಲ."

ಸೀಮೆಸುಣ್ಣ ಅಷ್ಟೇನೂ ತೇವ ಹೀರಲಾರದು ಎಂದು ನನಗೆ ಅನುಮಾನ. ಬೆಂಕಿಯ ಹತ್ತಿರ ಚೆನ್ನಾಗಿ ಒಣಗಿಸಿ ಹಾಕಿದರೆ ಸ್ವಲ್ಪ ಕಾಲ ಹೀರಬಹುದು, ಆಮೇಲೆ ಅದೂ ನೆನೆದ ಮಣ್ಣೇ ಎಂದೆ. ಅವನು, "ಅಂಗಾದ್ರೆ ಒಣಗ್ಸಿ ಆಕ್ತೀನಿ. ಆಗಾಗ ಬದ್ಲಾಯಿಸ್ತೀನಿ," ಎಂದು ಚೂರುಗಳನ್ನು ಪಂಚೆಯ ತುದಿಯಲ್ಲಿ ಕಟ್ಟಿಕೊಂಡು ಹೋದ. ಬೀದಿಯ ತಿರುವಿನಲ್ಲಿ ಕಾಯುತ್ತಿದ್ದ ಹೆಂಗಸಿನ ದನಿ ಮಳೆಯ ನಡುವೆಯೂ ಕೇಳಿಸಿತು: "ಈಗ ಸುಣ್ಣ ತಂದ. ಮನೆ ಬೆಂದೋದ್ಮೇಲೆ ಬಾವಿ ತೋಡ್ದಂಗೆ. ನಡಿ, ನಡಿ."

ಆಕೆ ಅವನ ಹೆಂಡತಿ ಚಿಕ್ಕಬೀರಮ್ಮ. ಗಂಡನ ಒಣಗಿಸುವ ಕೆಲಸದ ಮೇಲೆ ಆಕೆಗೆ ಅಷ್ಟು ಕಹಿ ಏಕೆಂದು ತಿಳಿಯಲು ನನಗೆ ಬಹಳ ದಿನ ಬೇಕಾಗಲಿಲ್ಲ. ಊರಿನಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಕತೆ. ಗೊತ್ತಿದ್ದ ಕತೆಯೇ ನಿಜವಲ್ಲ ಎಂಬುದು ಮಾತ್ರ ತಡವಾಗಿ ತಿಳಿಯಿತು.

ಮಂಟಯ್ಯ ಬೆಸ್ತರ ಕೇರಿಯವನು. ಕಪಿಲೆಯ ದಡದಲ್ಲಿ ಹುಟ್ಟಿ, ಹರಿಗೋಲು ನಡೆಸಿ, ಬಲೆ ಬೀಸಿ ಬೆಳೆದವನು. ಪ್ರಾಯದಲ್ಲಿ ಅವನಿಗೆ ಇನ್ನೊಂದು ಕೆಲಸ ಒದಗಿ ಬಂತು. ಬಾವಲಿಯ ಹಾದಿಯಲ್ಲಿ ವಯನಾಡಿನಿಂದ ಬರುತ್ತಿದ್ದ ಒಬ್ಬ ಕಾಫಿತೋಟದ ದೊರೆಗೆ ಬಿಳಿಮೀನಿನ ಹುಚ್ಚು. ಅಂಗೈಯಗಲದ ಹುರುಪೆಯ, ಬಂಗಾರದ ಬಣ್ಣ ಬಳಿದಂಥ ಈ ದೊಡ್ಡ ಮೀನು ಹರಿಯುವ ತಿಳಿನೀರಿನದು. ಬೆನ್ನಟ್ಟಿ ಬೇಟೆಯಾಡುವ ಜಾತಿ. ಅದನ್ನು ಹಿಡಿಯಲು ದೊರೆ ಹಿತ್ತಾಳೆಯ ಪುಟ್ಟ ಚಮಚವೊಂದನ್ನು ದಾರಕ್ಕೆ ಕಟ್ಟಿ ಎಸೆಯುತ್ತಿದ್ದ. ಎಳೆದಂತೆ ಅದು ನೀರಿನಲ್ಲಿ ಹೊರಳಿ ಮಿನುಗುತ್ತದೆ. ಮೀನು ಅದನ್ನು ಮರಿಮೀನೆಂದು ತಿಳಿದು ನುಂಗುತ್ತದೆ. ಚಮಚದ ಬಾಲಕ್ಕೆ ಒಂದು ಹಿತ್ತಾಳೆ ಉಂಗುರ, ಉಂಗುರಕ್ಕೆ ಮೂರು ಮೊನೆಯ ಉಕ್ಕಿನ ಕೊಕ್ಕೆ. ಬಂಡೆ ತೋರಿಸಲು, ಹರಿಗೋಲು ಹಾಕಲು ಹೋದ ಮಂಟಯ್ಯ ಕೆಲವೇ ವರ್ಷಗಳಲ್ಲಿ ದೊರೆಗಿಂತ ಚೆನ್ನಾಗಿ ಚಮಚ ಎಸೆಯಬಲ್ಲವನಾದ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ದೊರೆ ತೋಟ ಮಾರಿ ಹೊರಟಾಗ ತನ್ನ ಕೋಲು, ದಾರದ ರಾಟೆ, ಒಂದು ಡಬ್ಬಿ ಚಮಚ ಎಲ್ಲವನ್ನೂ ಇವನ ಕೈಗೆ ಕೊಟ್ಟು ಹೋದ.

ಅಂಥ ಕೊಕ್ಕೆ ಇತ್ತ ಸಿಗುತ್ತಿರಲಿಲ್ಲ. ಹುಣಸೂರಿನ ಅಂಗಡಿಯಲ್ಲಿದ್ದವು ಕೆರೆಮೀನಿಗೆ ಆಗುವ ಗಾಳಗಳು. ಬಿಳಿಮೀನು ಅವನ್ನು ದವಡೆಯಲ್ಲೇ ನೆಟ್ಟಗೆ ಮಾಡಿಬಿಡುತ್ತಿತ್ತು. ಆದ್ದರಿಂದ ಇದ್ದವನ್ನು ಕಾಪಾಡುವುದೇ ಮಂಟಯ್ಯನ ದೊಡ್ಡ ಕೆಲಸವಾಯಿತು. ಹೊಳೆ ಕೆಂಪಾಗುವ ಮೊದಲು ಪ್ರತಿಯೊಂದನ್ನೂ ಚಮಚದ ಸಮೇತ ಬಿಸಿನೀರಿನಲ್ಲಿ ತೊಳೆದು, ಬಟ್ಟೆಯಿಂದ ಒತ್ತಿ ಒರೆಸಿ, ಮೊರದಲ್ಲಿ ಹರಡಿ ಬಿಸಿಲಿಗಿಡುತ್ತಿದ್ದ. ಆಮೇಲೆ ಬೆವರಿನ ಬೆರಳು ತಾಗಿಸದೆ ಚಿಮಟದಲ್ಲಿ ಹಿಡಿದು, ತುಸು ಹರಳೆಣ್ಣೆ ಬೆರೆಸಿ ಕರಗಿಸಿದ ಜೇನುಮೇಣದಲ್ಲಿ ಅದ್ದಿ ತೆಗೆಯುತ್ತಿದ್ದ. ಮೇಣ ತೆಳ್ಳಗೆ ಕೂತ ಮೇಲೆ ಬಿದಿರಿನ ಗೊಟ್ಟದಲ್ಲಿ ಹುರಿದ ರಾಗಿಯ ನಡುವೆ ಒಂದಕ್ಕೊಂದು ತಾಗದಂತೆ ಹೂತು, ಬಾಯಿಗೆ ಮೇಣ ಮೆತ್ತಿ, ಒಲೆಯ ಮೇಲಿನ ಅಟ್ಟಕ್ಕೆ ಸಿಕ್ಕಿಸುತ್ತಿದ್ದ. ನೀರು ಮತ್ತು ಗಾಳಿ ಎರಡೂ ಸೇರಿದಲ್ಲದೆ ತುಕ್ಕಿಲ್ಲ. ಮೇಣ ಗಾಳಿಯನ್ನು ದೂರವಿಡುತ್ತದೆ, ಹುರಿದ ರಾಗಿ ನೀರನ್ನು, ಒಲೆಯ ಕಾವು ರಾಗಿಯ ತೇವವನ್ನು. ನಾನು ಎಷ್ಟು ಹುಡುಕಿದರೂ ಆ ವಿಧಾನದಲ್ಲಿ ತಪ್ಪು ಕಾಣಲಿಲ್ಲ. ಅಮಾವಾಸ್ಯೆಗೊಮ್ಮೆ ರಾಗಿ ಬದಲಾಯಿಸುವುದು ಚಿಕ್ಕಬೀರಮ್ಮನ ಪಾಲಿನ ಕೆಲಸ. ಮಳೆಗಾಲದಲ್ಲಿ ಗಂಡ ಬಿದಿರು ಕಡಿಯುವ ಕೂಲಿಗೆ ಕಾಡು ಸೇರಿದರೆ ವಾರಗಟ್ಟಲೆ ಬರುತ್ತಿರಲಿಲ್ಲ.

ಮೇಣ ಕೊಡುತ್ತಿದ್ದವನು ಜೇನುಕುರುಬರ ಹಾಡಿಯ ಬೆಳ್ಳ. ಸಂತೆಯ ದಿನ ಇಬ್ಬರೂ ಹುಣಸೆಮರದ ಕೆಳಗೆ ಕೂತು ಚೌಕಾಸಿ ಮಾಡುವುದನ್ನು ಕೇಳುವುದೇ ಒಂದು ಸುಖ.

"ಏನ್ಲಾ ಬೆಳ್ಳ, ಮೇಣಕ್ಕಿಂತ ಉಳವೇ ಜಾಸ್ತಿ ಅದಲ್ಲಲಾ?"

"ಉಳ ಪುಕ್ಕಟೆ ಕಣಣ್ಣ. ಗಾಳಕ್ಕೆ ಚುಚ್ಕೋ."

"ಬಿಳಿಮೀನು ಉಳ ತಿಂತದೇನ್ಲಾ? ಅದು ದೊರೆ ಮೀನು ಕಣ್ಲಾ, ಚಮಚದಾಗೇ ಉಣ್ಣೋದು."

ಬೆಳ್ಳ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಮಂಟಯ್ಯನ ಮುಖದಲ್ಲಿ ನಗೆಯ ನೆರಳು ಕಾಣುತ್ತಿದ್ದದ್ದು ಅಲ್ಲಿ ಮಾತ್ರ.

ಊರೆಲ್ಲ ಬಲ್ಲ ಕತೆ ಇದು. ಮಂಟಯ್ಯನಿಗೆ ಒಬ್ಬಳೇ ಮಗಳು, ಪುಟ್ಟಮಲ್ಲಿ. ಅವಳನ್ನು ಭೇರ್ಯದ ಕಡೆ ಕೊಟ್ಟಿದ್ದರು. ಅದು ಹೊಲಗದ್ದೆಯ ನಾಡು. ಮೀನೆಂದರೆ ಕೆರೆಯ ಕೆಸರು ವಾಸನೆಯದು. ನಾನು ಈ ಊರಿಗೆ ಬರುವ ಹಿಂದಿನ ವರ್ಷ, ದೀಪಾವಳಿ ಕಳೆದು ಸಂಕ್ರಾಂತಿ ಹತ್ತಿರವಾದಾಗ, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಗಾಡಿಯಿಂದ ಇಳಿಯುತ್ತಲೇ ಅವಳು ಕೇಳಿದ್ದು ಬಿಳಿಮೀನು. "ಅಲ್ಲಿ ಅನ್ನದ ಮುಂದೆ ಕೂತ್ರೆ ನಮ್ಮ ಒಳೆ ವಾಸ್ನೆ ಬತ್ತಿತ್ತು ಕಣಪ್ಪ," ಎಂದಳಂತೆ. ಬಸುರಿಯ ಬಯಕೆ. ಮಂಟಯ್ಯ ಮರುದಿನವೇ ಗೊಟ್ಟ ಇಳಿಸಿ, ಮೇಣ ಒರೆಸಿ, ಕೋಲು ಹಿಡಿದು ಹೊರಟ.

ಬಂಡೆಗಳ ಕೆಳಗಿನ ಮಡುವಿನಲ್ಲಿ ಮೀನು ಚಮಚಕ್ಕೆ ಬಿತ್ತು. ಬೆಳ್ಳ ಆ ದಿನ ಜೊತೆಗಿದ್ದ. ಅಂಥ ಮೀನನ್ನು ತಾನು ಕಂಡೇ ಇಲ್ಲ ಎಂದು ಇಂದಿಗೂ ಹೇಳುತ್ತಾನೆ. ಓಡಿಸಿ, ಎಳೆದು, ಮತ್ತೆ ಓಡಲು ಬಿಟ್ಟು, ಬೆಳಗಿನಿಂದ ನೆತ್ತಿಯ ಮೇಲೆ ಬಿಸಿಲು ಬರುವವರೆಗೆ ಆಡಿಸಿ, ಮಂಟಯ್ಯ ಅದನ್ನು ಮೊಣಕಾಲಷ್ಟು ನೀರಿಗೆ ತಂದಿದ್ದ. ಸುದ್ದಿ ಕೇಳಿ ದಡಕ್ಕೆ ಬಂದಿದ್ದ ಪುಟ್ಟಮಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು, "ಬಾಲ ಕಾಣ್ತು ಕಣಪ್ಪ, ಬಾಲ!" ಎಂದು ಕೂಗಿದಳು. ಬೆಳ್ಳ ಬುಟ್ಟಿ ಹಿಡಿದು ನೀರಿಗಿಳಿದ. ಆಗ ದಾರ ಸಡಿಲಾಯಿತು. ಚಮಚ ಒಂದೇ ಹಿಂತಿರುಗಿ ಬಂತು. ಕೊಕ್ಕೆಯ ಕಣ್ಣು ಉಂಗುರದ ಬಳಿಯೇ ಮುರಿದು, ಕೊಕ್ಕೆ ಮೀನಿನ ಬಾಯಲ್ಲಿ ಹೋಗಿತ್ತು.

ಸಂಜೆ ಬಲೆಯಲ್ಲಿ ಸಿಕ್ಕ ಸಣ್ಣ ಮೀನಿನ ಸಾರಾಯಿತು. ಮಗಳು ಉಂಡು, "ಇದೂ ಚೆಂದಾಗದೆ ಬುಡಪ್ಪ, ದೊಡ್ಡದನ್ನ ನಿನ್ ಮೊಮ್ಮಗನಿಗೆ ಮಡಗು," ಎಂದು ನಕ್ಕಳು. ಎರಡು ವಾರವಾಗುವಷ್ಟರಲ್ಲಿ ನೋವು ಬಂತು. ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲ. ಗಾಡಿ ಕಟ್ಟಿ ಕೋಟೆಯ ಆಸ್ಪತ್ರೆಗೆ ಹೊರಟರೂ ದಾರಿಯಲ್ಲೇ ಅವಳು ಹೋದಳು. ಮಗುವೂ ಉಳಿಯಲಿಲ್ಲ.

ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂಬುದು ಈ ಕಡೆಯ ನಂಬಿಕೆ. ಅಷ್ಟೇ. ತಾಯಿ ಸಾಯುತ್ತಾಳೆಂದು ಅದಕ್ಕೆ ಮುಂಚೆ ಯಾರೂ ಹೇಳಿದ್ದು ನಾನು ಕೇಳಿಲ್ಲ. ಆದರೆ ಸಾವು ಬಂದ ಮೇಲೆ ನಂಬಿಕೆ ಅದರ ಅಳತೆಗೆ ತಾನೇ ಹಿಗ್ಗಿಕೊಂಡಿತು. ಕೇಳಿದ್ದು ಕಣ್ಣ ಮುಂದೆ ಬಂದು ಕೈ ತಪ್ಪಿತು, ಅದಕ್ಕೇ ಜೀವ ಹೋಯಿತು ಎಂದು ಕೇರಿಯವರು ಆಡಿಕೊಂಡರು. ಕೆಲವರು ಗಂಗಮ್ಮನ ಮುನಿಸು ಎಂದರು. ಗುಂಡಿ ಮುಚ್ಚಿ ಬಂದ ದಿನ ಮಂಟಯ್ಯ ನಾಲ್ಕು ಜನರ ಎದುರಿಗೆ, "ಯಾರ ಮುನಿಸೂ ಅಲ್ಲ. ನಾನೇ ಒದ್ದೆ ಗಾಳ ಮಡಗಿದ್ದೆ. ತುಕ್ಕು ತಿಂದಿತ್ತು," ಎಂದುಬಿಟ್ಟ. ಆ ಮಾತು ಚಿಕ್ಕಬೀರಮ್ಮನ ಎದೆಯಲ್ಲಿ ಕೂತಿತು. ಅಂದಿನಿಂದ ಉಪ್ಪು ಹೆಚ್ಚಾದರೂ, ಸೌದೆ ಹೊಗೆಯಾದರೂ, ಬಟ್ಟೆ ಹಗ್ಗದ ಮೇಲೆ ನೆನೆದರೂ ಮಾತು ಅಲ್ಲಿಗೇ ಬಂದು ಮುಟ್ಟುತ್ತಿತ್ತು: "ಒಂದು ಗಾಳ ಒಣಗ್ಸಕೆ ಬರ್ದೋನು." ಅವನು ಒಂದು ಸಲವೂ ಎದುರಾಡಿದ್ದನ್ನು ನಾನು ಕಾಣೆ.

ಒಂದು ಸಂಗತಿ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಒದ್ದೆಯಾಗಿ ಇಟ್ಟ ಕೊಕ್ಕೆಗೆ ಮೈಯೆಲ್ಲ ತುಕ್ಕು ಬರಬೇಕು. ಮೊನೆ ಮೊಂಡಾಗಬೇಕು, ಮಂಟಯ್ಯನಿಗೇ ಮೇಣ ಒರೆಸುವಾಗ ಕಾಣಬೇಕು. ಕಣ್ಣೊಂದೇ ತಿಂದುಹೋಗಿ ಉಳಿದದ್ದು ಹೊಸದರಂತಿದ್ದರೆ ಅದು ಬರೀ ನೀರಿನ ಕೆಲಸವಲ್ಲ. ಹಿತ್ತಾಳೆಯೂ ಉಕ್ಕೂ ತಾಗುವ ಸಂದಿನಲ್ಲಿ ಉಪ್ಪು ಅಥವಾ ಹುಳಿಯ ತೇವ ನಿಂತರೆ ಉಕ್ಕು ತಾನು ಕರಗಿ ಹಿತ್ತಾಳೆಯನ್ನು ಉಳಿಸುತ್ತದೆ. ಮೇಲೆ ಮೇಣವಿದ್ದರಂತೂ ಹೊರಗಿನಿಂದ ಏನೂ ತಿಳಿಯದು. ಇದನ್ನು ಒಂದು ದಿನ, ಚಿಕ್ಕಬೀರಮ್ಮ ಸಂತೆಗೆ ಹೋಗಿದ್ದಾಗ, ಜಗಲಿಯಲ್ಲಿ ಕೂತು ಮಂಟಯ್ಯನಿಗೆ ಹೇಳಿದೆ. ಅವನು ಬಲೆಯ ಹರಕು ಕಟ್ಟುತ್ತಿದ್ದ. ಕೈ ನಿಂತಿತು. ಬೀದಿಯ ಎರಡೂ ಕಡೆ ನೋಡಿ, ಒಳಗೆ ಹೋಗಿ ಅಟ್ಟದ ಮೂಲೆಯಿಂದ ಬೆರಳಗಲದ ಒಂದು ಗೊಟ್ಟ ತಂದ. ಅದರೊಳಗೆ ಆ ಚಮಚವಿತ್ತು.

ಉಂಗುರದಲ್ಲಿ ಮುರಿದ ಕಣ್ಣಿನ ಅರ್ಧ ಹಾಗೇ ಸಿಕ್ಕಿಕೊಂಡಿತ್ತು, ಕಪ್ಪಗೆ, ಇದ್ದಿಲಿನಂತೆ. ಉಂಗುರಕ್ಕೂ ಅದಕ್ಕೂ ನಡುವೆ ಮೇಣದಲ್ಲಿ ಹುದುಗಿದ ಒಂದು ನಾರು. ಕಂದು ಬಣ್ಣದ್ದು, ಉಗುರಿನಷ್ಟು ಉದ್ದ. ಸಾರಿಗೆ ಹುಣಸೆಹಣ್ಣು ಕಿವುಚಿದ ಯಾರಾದರೂ ಆ ನಾರನ್ನು ಗುರುತಿಸುತ್ತಾರೆ.

"ನೀರ್ ತುಂಬೋ ಅಬ್ಬಕ್ಕೆ ಅಂಡೆ ಉಜ್ತಾರಲ್ಲ," ಎಂದ ಮಂಟಯ್ಯ. ನನ್ನ ಮುಖ ನೋಡಲಿಲ್ಲ. "ನಾನು ಕಾಡಲ್ಲಿದ್ದೆ. ಇವಳು ರಾಗಿ ಬದ್ಲಾಯಿಸಕೆ ಗೊಟ್ಟ ತೆಗ್ದವ್ಳೆ. ಚಮಚ ಕಿಲುಬು ಹಿಡಿದಿದ್ವು. ಮಗಳು ಬತ್ತಾಳೆ, ಮೀನು ಕೇಳ್ತಾಳೆ, ಒಳೀಲಿ ಅಂತ ಅಂಡೆ ಜೊತೆ ಇವನ್ನೂ ಉಣ್ಸೆ ಅಣ್ಣು ಉಪ್ಪು ಆಕಿ ಉಜ್ಜವ್ಳೆ. ಉಜ್ಜಿ, ತೊಳ್ದು, ನಾನು ಮಾಡೋ ಅಂಗೇ ಮೇಣಕ್ಕೂ ಅದ್ದವ್ಳೆ. ಸಂದೀಲಿ ಉಳ್ಕಂಡಿದ್ದು ಯಾರಿಗೆ ಕಂಡಾತು? ನಾನು ಬಂದು ನೋಡಿ, ಎಷ್ಟು ಚೆಂದ ಒಳೀತವೆ ಅಂತ ಕುಸಿ ಪಟ್ಟೆ ಕಣ್ರೀ. ಮೇಣ ಚೆಂದಾಗಿ ಕಾಪಾಡ್ಯದೆ ಅಂದ್ಕೊಂಡೆ."

"ಯಾವಾಗ ತಿಳಿಯಿತು?"

"ಅವತ್ತೇ ಸಂಜೆ. ಕೈ ಕಾಲು ತೊಳಿಯಕೆ ಬಚ್ಚಲಿಗೆ ಓದೆ. ಅಂಡೆ ಕಾಣ್ತು. ಕೈಯಾಗೆ ಚಮಚ ಇತ್ತು. ಎರಡೂ ಒಂದೇ ಒಳಪು."

ಈ ನಾಡಿನ ಯಾವ ಹೆಂಗಸೂ ಹಬ್ಬಕ್ಕೆ ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ಉಜ್ಜದೆ ಇಡುವುದಿಲ್ಲ. ಅದರಿಂದ ಹಂಡೆ ಕೆಡುವುದಿಲ್ಲ, ತಂಬಿಗೆ ಕೆಡುವುದಿಲ್ಲ. ಅವುಗಳಿಗೆ ಉಕ್ಕಿನ ಕಣ್ಣು ಕಟ್ಟಿರುವುದಿಲ್ಲವಲ್ಲ. ಚಿಕ್ಕಬೀರಮ್ಮನಿಗೆ ಅದು ಹೇಳಿಕೊಳ್ಳಬೇಕಾದ ಕೆಲಸವೆಂದು ಕೂಡ ಅನ್ನಿಸಿರಲಾರದು.

ಬಸುರಿಯ ಬಯಕೆಗೂ ಬಾಣಂತಿಯ ರಕ್ತಕ್ಕೂ ಸಂಬಂಧವಿಲ್ಲ ಎಂದು ನಾನು ಅವನಿಗೆ ಹೇಳಿದೆ. ಮೀನು ಸಿಕ್ಕಿದ್ದರೂ ಆ ಸಾವು ಬರುತ್ತಿತ್ತು. ಗಾಳ ಯಾರಿಂದ ಮುರಿಯಿತೆಂಬುದಕ್ಕೂ ಅದಕ್ಕೂ ಏನೂ ಇಲ್ಲ. ಇದನ್ನು ಇಬ್ಬರೂ ತಿಳಿದುಕೊಂಡರೆ ಇಬ್ಬರ ಭಾರವೂ ಇಳಿಯುತ್ತದೆ, ಬೇಕಾದರೆ ನಾನೇ ಅವರಿಗೆ ತಿಳಿಸಿ ಹೇಳುತ್ತೇನೆ ಎಂದೆ.

ಅವನು ತಲೆಯಾಡಿಸಿದ. "ನೀವು ಏಳಿದ್ರೆ ನಾನು ನಂಬ್ತೀನಿ ಮೇಷ್ಟ್ರೇ. ಅವಳು ಅರ್ಧ ನಂಬ್ತಾಳೆ. ಗಾಳ ತನ್ನಿಂದ ಮುರೀತು ಅನ್ನೋ ಅರ್ಧ."

ಚಮಚವನ್ನು ಗೊಟ್ಟದೊಳಗೆ ಹಾಕುತ್ತ ಮತ್ತೆ ಅವನೇ ಹೇಳಿದ: "ಈಗ ಅವಳಿಗೆ ನನ್ ಮೇಲೆ ಸಿಟ್ಟದೆ. ಸಿಟ್ಟಿರೋಗಂಟ ಏಳ್ತಾಳೆ, ಒಲೆ ಅಚ್ತಾಳೆ, ನನಗೆ ಉಗೀತಾಳೆ, ಕೊಡ ತಕ್ಕೊಂಡು ಒಳೆಗೆ ಓಯ್ತಾಳೆ, ತಿರುಗಿ ಬತ್ತಾಳೆ. ಆ ಸಿಟ್ಟು ಅವಳ ಕಡೀಕೇ ತಿರುಗ್ತು ಅನ್ನಿ, ಒಳೆಗೆ ಓದೋಳು ಬರಾಕಿಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ಬಾಯಿ ಬುಡಬ್ಯಾಡಿ."

ನಾನು ಮಾತು ಕೊಟ್ಟೆ. ನಿಜವನ್ನು ಮುಚ್ಚಿಡುವುದರಿಂದ ಯಾರಿಗಾದರೂ ಒಳ್ಳೆಯದಾದೀತು ಎಂದು ನಂಬುವ ಸ್ವಭಾವ ನನ್ನದಲ್ಲ. ಆ ಮನೆಯ ವಿಷಯದಲ್ಲಿ ಅವನ ಲೆಕ್ಕ ತಪ್ಪೆಂದು ತೋರಿಸುವ ಯಾವ ಪುರಾವೆಯೂ ನನ್ನಲ್ಲಿರಲಿಲ್ಲ.

ಮಗಳು ಹೋದ ಮೇಲೆ ಗಾಳಗಳಿಗೆ ಒಂದೇ ಕೆಲಸ ಉಳಿದಿತ್ತು. ಮಾರ್ನಮಿಯ ಅಮಾವಾಸ್ಯೆಗೆ ಸತ್ತವರಿಗೆ ಎಡೆಯಿಡುವುದು ಈ ಕಡೆಯ ಪದ್ಧತಿ. ಅವರವರು ಇಷ್ಟಪಟ್ಟದ್ದನ್ನು ಬಡಿಸಿ, ಹೊಸ ಬಟ್ಟೆಯಿಟ್ಟು, ಧೂಪ ಹಾಕಿ, ಬಾಗಿಲು ಮುಂದೆ ಮಾಡಿ ಹೊರಗೆ ಕೂರುತ್ತಾರೆ. ಪುಟ್ಟಮಲ್ಲಿಯ ಎಡೆಗೆ ಬಿಳಿಮೀನು ಆಗಬೇಕು. ಆದರೆ ಮಾರ್ನಮಿ ಬರುವುದು ಹೊಳೆ ಇನ್ನೂ ತುಂಬಿ ಕೆಂಪಾಗಿ ಹರಿಯುವ ಕಾಲದಲ್ಲಿ. ಕದಡಿದ ನೀರಿನಲ್ಲಿ ಚಮಚದ ಹೊಳಪು ಮೀನಿಗೆ ಕಾಣುವುದಿಲ್ಲ. ಬೇಸಿಗೆಯಲ್ಲಿ ಹಿಡಿದು ಉಪ್ಪು ಹಾಕಿ ಒಣಗಿಸಿಡೋಣವೆಂದು ಮಂಟಯ್ಯ ಒಮ್ಮೆ ಹೇಳಿದ್ದಕ್ಕೆ ಚಿಕ್ಕಬೀರಮ್ಮ, "ಬಸುರಿ ಕೇಳಿದ್ದು ಒಣಮೀನಲ್ಲ," ಎಂದು ಬಾಯಿ ಮುಚ್ಚಿಸಿದ್ದಳು. ಹಾಗಾಗಿ ವರ್ಷದಲ್ಲೆಲ್ಲ ಗಾಳಿ ಅತಿ ಒದ್ದೆಯಾದ ತಿಂಗಳುಗಳಲ್ಲಿ ಅವನು ಆ ಕೊಕ್ಕೆಗಳನ್ನು ಒಣಗಿಸಿ ಕಾಯಬೇಕಿತ್ತು. ಸೀಮೆಸುಣ್ಣ ಅದಕ್ಕೇ. ಪ್ರತಿ ಮಾರ್ನಮಿಯ ಹಿಂದಿನ ದಿನ ಹೊಳೆಗೆ ಹೋಗುತ್ತಿದ್ದ; ಪ್ರತಿ ಸಲ ಬರಿಗೈಯಲ್ಲಿ ಬರುತ್ತಿದ್ದ. ಕೆರೆಮೀನಿನ ಸಾರನ್ನೇ ಎಡೆಗಿಟ್ಟು, "ಈ ವರ್ಸವೂ ಇದೇ ಉಣ್ಣವ್ವ, ನಿಮ್ಮಪ್ಪನ ಕೈಲಾದದ್ದು ಇಷ್ಟೇ," ಎಂದು ಆಕೆ ಕೇಳಿಸುವಂತೆ ಹೇಳುತ್ತಿದ್ದಳು.

ಐವತ್ತೇಳನೆಯ ಇಸವಿಯಲ್ಲಿ ಮಾರ್ನಮಿಗೆ ಮುಂಚೆ ಮಳೆ ಬಿಡುವು ಕೊಟ್ಟಿತು. ಕಾಡಿನ ಕಡೆಯಿಂದ ಒಂದು ಹಳ್ಳ ಹೊಳೆಗೆ ಸೇರುವ ಬಾಯಲ್ಲಿ ನೀರು ತಿಳಿಯಾಗಿದೆಯೆಂದು ಬೆಳ್ಳ ಓಡಿಬಂದು ಹೇಳಿದ. ಆ ಸಂಜೆ ಮಂಟಯ್ಯ ಮೀನು ಹೊತ್ತು ಬಂದಾಗ ಕೇರಿಗೆ ಕೇರಿಯೇ ಬೀದಿಯಲ್ಲಿ ನಿಂತಿತ್ತು. ಅಂದಿನದಷ್ಟು ದೊಡ್ಡದಲ್ಲ, ಆದರೂ ಬಿಳಿಮೀನು, ದೀಪದ ಬೆಳಕಿಗೆ ಹುರುಪೆ ಹುರುಪೆಯೂ ಹೊಳೆಯುತ್ತಿತ್ತು. "ಅಣ್ಣ ಚಮಚದಾಗೇ ಉಣ್ಣಿಸ್ಬುಟ್ಟ!" ಎಂದು ಬೆಳ್ಳ ಎಲ್ಲರಿಗೂ ಸಾರಿಕೊಂಡು ಬಂದ. ಚಿಕ್ಕಬೀರಮ್ಮ ಮೀನನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಒಳಗೆ ಹೋದಳು.

ಮರುದಿನ ನನ್ನನ್ನೂ ಕರೆದಿದ್ದರು. ಎಡೆ ಬಡಿಸಿ, ಹಸಿರು ಸೀರೆ, ಕುಪ್ಪಸದ ಕಣ, ಬಳೆ ಇಟ್ಟು, ಬಾಗಿಲು ಮುಂದೆ ಮಾಡಿ ಮೂವರೂ ಜಗಲಿಯಲ್ಲಿ ಕೂತೆವು. ಮಂಟಯ್ಯನ ಮುಖ ಅಷ್ಟು ಹಗುರವಾಗಿದ್ದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಈ ಒಂದು ಎಡೆಯಿಂದ ಆಕೆಯ ಮನಸ್ಸು ತುಸುವಾದರೂ ಇಳಿದೀತೆಂದು ಅವನು ಆಸೆಪಟ್ಟಿದ್ದ.

"ಈ ಗಾಳ ಮುರೀಲಿಲ್ಲ," ಎಂದಳು ಚಿಕ್ಕಬೀರಮ್ಮ.

"ಇಲ್ಲ ಕಣಮ್ಮಿ."

"ಮಳೆಗಾಲ ಪೂರ್ತಿ ಮಡಗಿದ್ರೂ ಮುರೀಲಿಲ್ಲ."

"ಊಂ."

"ಚೆಂದಾಗಿ ಒ‌ಣಗ್ಸಿ ಮಡಗಿದ್ದೆ ನೀನು."

"ಊಂ."

"ಅಂಗಾದ್ರೆ ಅವತ್ತೂ ಒಣಗ್ಸಿದ್ರೆ ಮುರೀತಿರ್ಲಿಲ್ಲ. ನಿನಗೆ ಬತ್ತಿತ್ತು. ಬತ್ತಿದ್ದೂ ಮಾಡ್ಲಿಲ್ಲ."

ಮಂಟಯ್ಯ ನನ್ನ ಕಡೆ ಒಂದು ಸಲ ನೋಡಿದ. ನಾನು ಬಾಯಿ ತೆರೆದೇನೆಂದು ಹೆದರಿದ ನೋಟ ಅದು. ಆಮೇಲೆ ಹೆಂಡತಿಗೆ ಹೇಳಿದ: "ಊಂ ಕಣಮ್ಮಿ. ಮುರೀತಿರ್ಲಿಲ್ಲ."

ಅದಾದ ಮೇಲೆ ಅವನು ನನ್ನ ಬಳಿ ಸೀಮೆಸುಣ್ಣ ಕೇಳಲು ಬರಲಿಲ್ಲ. ಸಂತೆಯಲ್ಲಿ ಬೆಳ್ಳ ಮೇಣ ಮುಂದಿಟ್ಟರೆ, "ಮುಂದಿನ ಸಲ ನೋಡನ ಬುಡ್ಲಾ," ಎಂದು ಎದ್ದುಬಿಡುತ್ತಿದ್ದ. ಮುಂದಿನ ಬೇಸಿಗೆಯಲ್ಲಿ ಜ್ವರ ಹಿಡಿಯಿತು. ಕಾಡಿನ ಕೂಲಿಯಿಂದ ತಂದ ಚಳಿಜ್ವರವೇ ಇರಬೇಕು. ಮಾತ್ರೆ ತರಿಸಿಕೊಟ್ಟೆ, ಮೊದಲು ಇಳಿದು ಮತ್ತೆ ಏರಿತು. ಪ್ರಾಣ ಹೋಗುವ ಮುಂಚಿನ ದಿನ ನಾನು ಹತ್ತಿರ ಕೂತಿದ್ದಾಗ ಅವನು ಕಣ್ಣಿನಿಂದ ಅಟ್ಟದ ಕಡೆ ತೋರಿಸಿದ. ತಿಳಿಯಿತೆಂದು ತಲೆಯಾಡಿಸಿದೆ. ಆ ಸಣ್ಣ ಗೊಟ್ಟವನ್ನು ಹೊರಗೆ ಸಾಗಿಸಬೇಕೆಂದು ಅವನ ಮನಸ್ಸಿನಲ್ಲಿತ್ತು. ಆದರೆ ಸತ್ತವರ ಮನೆಯಲ್ಲಿ ಒಲೆಯ ಬಳಿ ಸದಾ ಹೆಂಗಸರು. ನನ್ನ ಕೈ ಅಟ್ಟದವರೆಗೆ ಹೋಗುವ ಸಂದರ್ಭವೇ ಒದಗಲಿಲ್ಲ.

ಕಳೆದ ಮಾರ್ನಮಿಗೆ ಚಿಕ್ಕಬೀರಮ್ಮ ಹೇಳಿಕಳಿಸಿದಳು. ಹೋದಾಗ ಬಚ್ಚಲ ಕಲ್ಲಿನ ಮುಂದೆ ಕೂತು ಎಡೆಯ ತಂಬಿಗೆ ತಟ್ಟೆಗಳನ್ನು ಉಜ್ಜುತ್ತಿದ್ದಳು. ಆ ಒಂದು ವರ್ಷದಲ್ಲಿ ಕಣ್ಣಿಗೆ ಪೊರೆ ಬಂದಿತ್ತು; ದನಿಯಿಂದ ನನ್ನನ್ನು ಗುರುತಿಸಿದಳು.

"ಬನ್ನಿ ಮೇಷ್ಟ್ರೇ. ಅವನ ಎಡೆಗೆ ಒಂದು ಚಮಚ ಮಡಗನಾ ಅಂತ. ನನ್ ಕೈಗೆ ಅಟ್ಟ ಎಟುಕಾಕಿಲ್ಲ, ಇಳಿಸಿಕೊಡಿ."

ದೊಡ್ಡ ಗೊಟ್ಟ ಇಳಿಸಿ, ಮೇಣದ ಮುಚ್ಚಳ ತೆಗೆದು ಸುರಿದೆ. ರಾಗಿಯಲ್ಲಿ ಹುಳು ಬಿದ್ದಿತ್ತು, ಚಮಚಗಳು ಚೆನ್ನಾಗಿದ್ದವು. ಒಂದನ್ನು ಆರಿಸಿ ಕೊಟ್ಟೆ. ಆಕೆ ಅದನ್ನು ಬೆರಳಿನಿಂದ ತಡವಿ ಕೆಳಗಿಟ್ಟಳು.

"ಇದಲ್ಲ. ಮುರಿದದ್ದು ಒಂದು ಇತ್ತಲ್ಲ. ಅದ್ನ ಬೇರೆ ಮಡಗಿದ್ದ, ನಾನು ಕಾಣೆ ಅಂದ್ಕೊಂಡಿದ್ದ. ಮೂಲೇಲಿ ನೋಡಿ."

ಇಲ್ಲವೆಂದು ಹೇಳಬಹುದಿತ್ತು. ಆದರೆ ನನ್ನ ಕೈ ಅದಾಗಲೇ ಅದರ ಮೇಲಿತ್ತು, ಬಿದಿರು ಸದ್ದು ಮಾಡಿತ್ತು.

"ಅದೇ. ತನ್ನಿ. ಅದ್ನೇ ಮಡಗ್ತೀನಿ. ಅವನು ಕೊನೆಗಂಟ ಎದೇಲಿ ಮಡಿಕೊಂಡಿದ್ದು ಅದೊಂದೇ."

ಚಮಚವನ್ನು ಆಕೆಯ ಅಂಗೈಗೆ ಹಾಕಿದೆ. ನಾರು ಇನ್ನೂ ಇತ್ತು, ನನಗೆ ಕಾಣುತ್ತಿತ್ತು. ಆಕೆ ಅದನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು. "ಎಂಗೆ ಕಪ್ಪಾಗದೆ ನೋಡಿ," ಎಂದು ಪಕ್ಕದ ಬಟ್ಟಲಿನಿಂದ ಹುಣಸೆಹಣ್ಣು ಉಪ್ಪು ಚಿಟಿಕೆ ತೆಗೆದುಕೊಂಡು ಉಜ್ಜಲು ಹಿಡಿದಳು. ಹೆಬ್ಬೆರಳು ಚಮಚದ ಹೊಟ್ಟೆಯ ಮೇಲೆ ಸುತ್ತಿತು, ಬೆನ್ನಿಗೆ ಹೋಯಿತು, ಉಂಗುರಕ್ಕೆ ಬಂತು. ಹಳೆಯ ಮೇಣ ಸಿಪ್ಪೆಯಾಗಿ ಎದ್ದಿತು. ಹೊಸ ನಾರುಗಳ ನಡುವೆ ಆ ಹಳೆಯದು ಯಾವುದೆಂದು ಮರುಗಳಿಗೆ ನನಗೂ ಹೇಳಲಾಗುತ್ತಿರಲಿಲ್ಲ.

"ಆ ವರ್ಸವೂ ಅಬ್ಬದ ದಿನ ಅಂಡೆ ಜೊತೆ ಎಲ್ಲ ಚಮಚನೂ ಇಂಗೇ ಉಜ್ಜಿದ್ದೆ ಕಣ್ರೀ, ಮಗಳು ಬತ್ತಾಳೆ ಅಂತ. ಕನ್ನಡಿ ಇದ್ದಂಗಿದ್ವು. ಆಮೇಲೆ ಇವನು ಅದೆಲ್ಲಿ ನೀರು ತಾಕಿಸಿದ್ನೋ." ಕೈ ನಿಲ್ಲಿಸದೆಯೇ ಕೇಳಿದಳು: "ನೀವು ಓದ್ದೋರು. ಒಂದು ಗಾಳ ಒಣಗ್ಸೋದು ಅಷ್ಟು ಕಷ್ಟವಾ ಮೇಷ್ಟ್ರೇ?"

ನಿಜ ನನ್ನ ಬಾಯಿಗೆ ಬಂದಿತ್ತು. ಅದನ್ನು ಹೇಳಿದರೆ ಸತ್ತವನ ಮೇಲಿನ ಆರೋಪ ತೊಡೆದುಹೋಗುತ್ತಿತ್ತು. ಆ ಆರೋಪವನ್ನು ಹೊತ್ತುಕೊಂಡವನು ಅದನ್ನು ತೊಡೆಯಬೇಡವೆಂದು ಬೇಡಿಕೊಂಡಿದ್ದ.

"ಮಳೆಗಾಲದಲ್ಲಿ ಕಷ್ಟವೇ ಅಮ್ಮ," ಎಂದೆ. "ಎಷ್ಟು ಒಣಗಿಸಿದರೂ ಒಮ್ಮೊಮ್ಮೆ ಆಗುವುದಿಲ್ಲ."

ಆಕೆ ಬಹಳ ಹೊತ್ತು ಉಜ್ಜಿದಳು.

"ಆ ವರ್ಸ ಮಳೆ ಜಾಸ್ತಿಯೇ ಇತ್ತು," ಎಂದಳು ಕೊನೆಗೆ, ತನಗೆ ತಾನೇ. "ಅವನಿಗೆ ಒಂದ್ಸಲ ಅಂಗೆ ಅನ್ಬೋದಾಗಿತ್ತು ನಾನು."

ತೊಳೆದು ಕೊಟ್ಟ ಚಮಚವನ್ನು ನಾನು ಹೆಗಲ ವಸ್ತ್ರದಿಂದ ಒರೆಸಿದೆ. ಉಂಗುರದ ಸಂದಿಗೆ ಬಟ್ಟೆಯ ತುದಿ ಹೊಸೆದು ತೂರಿಸಿ ಮತ್ತೆ ಮತ್ತೆ ಒರೆಸುತ್ತಿದ್ದೆನೆಂದು ಕಾಣುತ್ತದೆ.

"ಬುಡಿ ಮೇಷ್ಟ್ರೇ," ಎಂದಳು ಚಿಕ್ಕಬೀರಮ್ಮ. "ಅದರಲ್ಲಿ ಇನ್ನೇನು ಮೀನು ಇಡೀಬೇಕಾ?"

ತಡವಿಕೊಂಡು ಎದ್ದು, ಆ ಒದ್ದೆ ಚಮಚವನ್ನು ನನ್ನ ಕೈಯಿಂದ ತೆಗೆದುಕೊಂಡು, ಮಗಳ ಎಲೆಯ ಪಕ್ಕದ ಎಲೆಯ ಮೇಲೆ ಇಟ್ಟಳು.